ಕೆಂಪು ದಾರದ ಚಕ್ರಗಳು

ಆ ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಒವನ್, ಅಕ್ಕತಂಗಿಯರು ಮಾತ್ರ ಇಬ್ಬರು. ತಂಟೆಗೆ ಇಷ್ಟು ಸಾಲದೆ?

ಕಾರ್ಖಾನೆ ಎಂದರೆ ಮಹಾ ಏನಲ್ಲ. ಮುಂದೆ ಸ್ಕೇಟ್‌ಬೋರ್ಡ್ ಮಾರುವ ಅಂಗಡಿ, ಅದರ ಬೆನ್ನಿಗೆ ಚಕ್ರ ಎರೆಯುವ ಕೋಣೆ. ರಾಳಕ್ಕೆ ಅದನ್ನು ಗಟ್ಟಿಯಾಗಿಸುವ ಹಾರ್ಡ್‌ನರ್ ಬೆರೆಸಿ, ಗುಳ್ಳೆ ಏಳದಂತೆ ಕಲಕಿ, ಅಚ್ಚಿಗೆ ಹೊಯ್ದು ಒವನ್ನಿನಲ್ಲಿ ಬೇಯಿಸಿದರೆ ಚಕ್ರ ಸಿದ್ಧ. ಅಲ್ಲಿಂದ ಹೊರಟ ಚಕ್ರಗಳೆಲ್ಲ ದೊಡ್ಡವಳು ಬೆರೆಸುವ ಪಾಕದವು. ಚಿಕ್ಕವಳು ಅವಳ ಪಕ್ಕದಲ್ಲಿ ನಿಂತೇ ಕಲಕುವುದನ್ನು ಕಲಿತವಳು. ಕಲಿತು ಸುಮ್ಮನಿರಬಹುದಿತ್ತು. ಸುಮ್ಮನಿರದೆ ತನ್ನದೇ ಒಂದು ಪಾಕ ಕಟ್ಟಿಕೊಂಡು, "ಅಕ್ಕಾ, ತಿರುವಿನಲ್ಲಿ ರಸ್ತೆನ ನಂದೇ ಜಾಸ್ತಿ ಹಿಡಿಯುತ್ತೆ" ಎಂದು ಊಟದ ಹೊತ್ತಿನಲ್ಲೂ ರಾಗ ಎಳೆಯತೊಡಗಿದ್ದಳು.

"ನಿನ್ನ ಚಕ್ರ ಹಿಡಿಯೋದು ಬರೀ ಧೂಳನ್ನ," ಎನ್ನುತ್ತಿದ್ದಳು ದೊಡ್ಡವಳು.

ಕೊನೆಗೆ ಪಕ್ಕದ ಬೀದಿಯಲ್ಲಿ ಟಯರ್ ರಿಪೇರಿ ಮಾಡುವ ಚಿಕ್ಕಪ್ಪನಿಗೆ ತಲೆ ಕೆಟ್ಟುಹೋಯಿತು. "ಬಾಯಲ್ಲಿ ಯಾಕೆ ಕಿತ್ತಾಡ್ತೀರಾ? ಅಳೆದುಬಿಡೋಣ. ಯಾವುದು ಜಾಸ್ತಿ ಹಿಡಿಯುತ್ತೋ ಇನ್ನು ಮೇಲೆ ಅಂಗಡಿಯಲ್ಲಿ ಅದೊಂದೇ. ಸೋತವಳು ಗೆದ್ದವಳ ಪಾಕ ಎರೀಬೇಕು, ಗೊಣಗಬಾರದು."

ಇಬ್ಬರೂ ಒಪ್ಪಿದರು. ಒಪ್ಪಿದ ಮರುಕ್ಷಣವೇ ದೊಡ್ಡವಳಿಗೆ ಯಾಕಾದರೂ ಒಪ್ಪಿದೆನೋ ಅನ್ನಿಸಿತು. ಇಷ್ಟು ವರ್ಷ ಕಾಪಾಡಿಕೊಂಡು ಬಂದ ಪಾಕ ಒಂದೇ ಬೆಳಗ್ಗೆ ಮೂಲೆ ಸೇರುವುದೆಂದರೆ? ಅದೂ ತಾನೇ ಮೂಗು ಒರೆಸಿ ಬೆಳೆಸಿದವಳ ಕೈಯಲ್ಲಿ!

ಅಳತೆಗೆಂದು ಇಬ್ಬರೂ ನಾಲ್ಕು ನಾಲ್ಕು ಚಕ್ರ ಎರೆದರು. ಪಕ್ಷಪಾತ ಬೇಡವೆಂದು ಬಣ್ಣ ಹಾಕಲಿಲ್ಲ. ಅಚ್ಚೂ ಒಂದೇ ಆದ್ದರಿಂದ ಎಂಟೂ ಒಂದೇ ತರಹದ ಮಬ್ಬು ಬಿಳಿ. ಹೆತ್ತವರಿಗೂ ಗುರುತು ಹತ್ತುವಂತಿರಲಿಲ್ಲ. ದೊಡ್ಡವಳ ನಾಲ್ಕನ್ನು ನೀಲಿ ದಾರದಲ್ಲಿ, ಚಿಕ್ಕವಳ ನಾಲ್ಕನ್ನು ಕೆಂಪು ದಾರದಲ್ಲಿ ಪೋಣಿಸಿ ಚಿಕ್ಕಪ್ಪ ಮೊಳೆಗೆ ನೇತುಹಾಕಿದ.

ಅಳೆಯುವ ಹಿಂದಿನ ಸಂಜೆ ಚಿಕ್ಕವಳು ಸಿಳ್ಳೆ ಹಾಕುತ್ತಾ ಮನೆಗೆ ಹೋದಳು. ಆ ಸಿಳ್ಳೆಯೇ ಒಬ್ಬಳೇ ಉಳಿದ ದೊಡ್ಡವಳ ನೆಮ್ಮದಿ ಕೆಡಿಸಲು ಸಾಕಾಗಿತ್ತು. ಸುಮ್ಮನೆ ನೋಡೋಣವೆಂದು ಎರಡೂ ಗೊಂಚಲು ಬಿಚ್ಚಿ, ಆಚೆಯದೊಂದು ಈಚೆಯದೊಂದು ಚಕ್ರವನ್ನು ನೆಲಕ್ಕೆ ಬಿಟ್ಟಳು. ಅವಳದ್ದು ಮೊಣಕಾಲಿನವರೆಗೆ ಪುಟಿಯಿತು. ತಂಗಿಯದ್ದು ಸೊಂಟ ಮುಟ್ಟಿ ಬಂತು. ಪುಟಿತಕ್ಕೂ ಹಿಡಿತಕ್ಕೂ ಅಂಥ ನಂಟೇನೂ ಇಲ್ಲವೆಂದು ಬೇರೆ ದಿನವಾಗಿದ್ದರೆ ಅವಳೇ ಭಾಷಣ ಮಾಡುತ್ತಿದ್ದಳು. ಅವತ್ತು ಮಾತ್ರ ಸೋಲು ಖಾತ್ರಿ ಎನ್ನಿಸಿತು.

ಅತ್ತಿತ್ತ ನೋಡಿದಳು. ಯಾರಿದ್ದಾರೆ ನೋಡಲಿಕ್ಕೆ? ಕೆಂಪು ದಾರವನ್ನು ತನ್ನ ಚಕ್ರಗಳಿಗೂ ನೀಲಿ ದಾರವನ್ನು ತಂಗಿಯ ಚಕ್ರಗಳಿಗೂ ಪೋಣಿಸಿ, ಗಂಟು ಹಾಕಿ, ಇದ್ದ ಮೊಳೆಗೇ ನೇತುಹಾಕಿದಳು. ಇದು ಮೋಸವಲ್ಲ, ಮುನ್ನೆಚ್ಚರಿಕೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮನೆ ತಲುಪುವಷ್ಟರಲ್ಲಿ ಅದನ್ನು ನಂಬಿಯೂ ಆಗಿತ್ತು.

ಬೆಳಗ್ಗೆ ತಂಗಿಗೆ ಬೀಗದ ಕೈ ಕೊಟ್ಟು ಮುಂದೆ ಕಳಿಸಿ, ತಾನು ಚಿಕ್ಕಪ್ಪನನ್ನೂ ಅವನ ಜ್ಯಾಕನ್ನೂ ಕರೆತರಲು ಹೋದಳು. ಚಿಕ್ಕಪ್ಪ ಒಂದು ಅಗಲದ ಹಲಗೆಗೆ ಬಾಗಿಲಿನ ಕೀಲು ಬಡಿದು, ಒಂದು ಅಂಚು ನೆಲ ಕಚ್ಚಿ ಇನ್ನೊಂದು ಅಂಚು ಜ್ಯಾಕಿನ ಮೇಲೆ ಏಳುವಂತೆ ಸಜ್ಜು ಮಾಡಿದ. ಅದರ ಮೇಲೆ ಬೋರ್ಡನ್ನು ಅಡ್ಡಡ್ಡ ಇಡಬೇಕು, ಚಕ್ರ ಉರುಳಕೂಡದು, ಜಾರಿದರೆ ಪಕ್ಕಕ್ಕೇ ಜಾರಬೇಕು. ಸವಾರನ ಬದಲು ಮರಳಿನ ಚೀಲ. ಹಲಗೆಯ ಬದಿಗೆ ಕೋನಮಾಪಕ. ಜ್ಯಾಕು ತಿರುಗಿಸುತ್ತಾ ಹೋದರೆ ಹಲಗೆ ಕಡಿದಾಗುತ್ತದೆ. ಹಿಡಿತ ಇದ್ದಷ್ಟು ಹೊತ್ತು ಬೋರ್ಡು ಕೂತಿರುತ್ತದೆ, ಮುಗಿಯಿತೋ ಚೀಲದ ಸಮೇತ ಕೆಳಗೆ.

ಮೊದಲು ನೀಲಿ ದಾರದವು. ಚಿಕ್ಕಪ್ಪ ತಾನೇ ಚಕ್ರ ಜೋಡಿಸಿ, ದಾರವನ್ನು ಗುರುತಿಗೆ ಬೋರ್ಡಿನ ಬಾಲಕ್ಕೆ ಕಟ್ಟಿ, ಜ್ಯಾಕು ತಿರುಗಿಸತೊಡಗಿದ. ದೊಡ್ಡವಳು ಒಳಗೊಳಗೇ ಗೆದ್ದಾಗಿತ್ತು. ಮೂವತ್ತೇಳು ಡಿಗ್ರಿಗೆ ಬೋರ್ಡು ಸರ್ರನೆ ಜಾರಿತು.

"ಇಷ್ಟೇನಾ?" ಅವಳ ಬಾಯಿಂದ ಮಾತು ಜಾರಿಬಿತ್ತು.

"ನಿಂದೇ ಅಲ್ವಾ? ನನ್ನನ್ನೇನು ಕೇಳ್ತೀಯಾ," ಎಂದ ಚಿಕ್ಕಪ್ಪ.

ಕೆಂಪು ದಾರದವು ಮೂವತ್ತೇಳು ದಾಟಿದವು. ನಲವತ್ತು ದಾಟಿದವು. ಚಿಕ್ಕಪ್ಪ ಜ್ಯಾಕು ಬಿಟ್ಟು ಬಗ್ಗಿ ನೋಡಿದ, ಹಲಗೆಗೆ ಅಂಟೇನಾದರೂ ಮೆತ್ತಿದೆಯೇ ಎಂದು ಬೆರಳಾಡಿಸಿದ, ಮತ್ತೆ ತಿರುಗಿಸಿದ. ನಲವತ್ತೆರಡಕ್ಕೆ ಮರಳಿನ ಚೀಲ ಅವನ ಪಾದದ ಮೇಲೆ ಬಂದು ಕೂತಿತು.

ದೊಡ್ಡವಳು ಬೋರ್ಡಿನ ಬಾಲದ ಕೆಂಪು ದಾರವನ್ನೇ ದಿಟ್ಟಿಸಿದಳು. ಕೆಂಪು ದಾರದ ಚಕ್ರ ಅಂದರೆ ತನ್ನ ಚಕ್ರ! ಅಂದರೆ ತನ್ನ ಪಾಕವೇ ಹೆಚ್ಚು. ತೆಪ್ಪಗೆ ಮನೆಗೆ ಹೋಗಿದ್ದರೆ ತಾನೇ ಗೆಲ್ಲುತ್ತಿದ್ದಳು. ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿದ್ದಳು. ಅದನ್ನು ಬಾಯಿಬಿಟ್ಟು ಹೇಳುವಂತೆಯೂ ಇಲ್ಲ.

"ಒಣ ಹಲಗೆ ಮೇಲೆ ಯಾರು ಬೇಕಾದ್ರೂ ಹಿಡೀತಾರೆ. ನೀರು ಚಿಮುಕಿಸಿ ನೋಡಿ," ಎಂದಳು. ನೀರು ಚಿಮುಕಿಸಿದರು. ಕೆಂಪೇ ಗೆದ್ದಿತು. ಧೂಳು ಉದುರಿಸಿದರು. ಆಗಲೂ ಕೆಂಪೇ. ಪ್ರತಿ ಸಲವೂ ಅವಳಿಗೆ ಹೆಮ್ಮೆಯಿಂದ ಎದೆ ಉಬ್ಬುತ್ತಿತ್ತು, ಹಿಂದೆಯೇ ಹೊಟ್ಟೆ ಉರಿಯುತ್ತಿತ್ತು. ಗೆದ್ದವಳಾದರೂ ಕುಣಿಯಬೇಕೋ ಬೇಡವೋ? ಚಿಕ್ಕವಳು ಬಿಳಿಚಿಕೊಂಡು ಉಗುರು ಕಚ್ಚುತ್ತಾ ನಿಂತಿದ್ದಳು. ಸಂತೋಷ ತಡೆಯಲಾಗುತ್ತಿಲ್ಲ ಪಾಪ, ಎಂದುಕೊಂಡಳು ದೊಡ್ಡವಳು.

ಚಿಕ್ಕಪ್ಪ ಕುಂಟುತ್ತಾ ತನ್ನ ಅಂಗಡಿಗೆ ಹೋದ.

ಮಧ್ಯಾಹ್ನ ದೊಡ್ಡವಳು ಎರೆಯುವ ಕೋಣೆಯಲ್ಲಿ ರಾಳದ ಬಕೆಟ್ ಮುಂದಿಟ್ಟುಕೊಂಡು ಕೂತಿದ್ದಳು. ಇಳಿಜಾರು ರಸ್ತೆಯಲ್ಲಿ ಸವಾರಿ ಮಾಡುವ ಗುಂಪಿಗೆ ಹೊಸ ಚಕ್ರ ಕೊಡಬೇಕಿತ್ತು. ತಂಗಿ ಬಂದು ಬಾಗಿಲಿಗೆ ಒರಗಿ ನಿಂತಳು. ಕಣ್ಣು ಕೆಂಪಗಿತ್ತು.

"ಅಕ್ಕಾ, ನನ್ನ ಪಾಕ ಎರೀಬೇಡ. ಗೆದ್ದಿದ್ದು ನಿನ್ನ ಚಕ್ರ."

ದೊಡ್ಡವಳ ಕೈಯಲ್ಲಿದ್ದ ಕಲಕುವ ಕೋಲು ನಿಂತಿತು. ಇವಳಿಗೆ ಹೇಗೆ ಗೊತ್ತಾಯಿತು?

"ನಾನು ದಾರ ಬದಲಾಯಿಸಿಬಿಟ್ಟೆ. ನಿನ್ನ ಚಕ್ರಕ್ಕೆ ಕೆಂಪು ಹಾಕಿದೆ, ನಂದಕ್ಕೆ ನೀಲಿ. ನಿನ್ನ ಮುಂದೆ ನಾನು ಯಾವತ್ತು ಗೆದ್ದಿದೀನಿ ಹೇಳು? ಹೆದರಿಕೆ ಆಯ್ತು. ಈಗ ಆ ಹುಡುಗರು ನನ್ನ ಚಕ್ರ ಹಾಕ್ಕೊಂಡು ತಿರುವಿನಲ್ಲಿ ಜಾರಿ ಬಿದ್ರೆ ಏನು ಮಾಡ್ಲಿ?" ಎಂದು ಮೂಗು ಸೇದಿದಳು.

ದೊಡ್ಡವಳು ಬೈಯಲು ಬಾಯಿ ತೆರೆದಳು. ಅಷ್ಟರಲ್ಲಿ ತಲೆಯೊಳಗೆ ದಾರಗಳು ಅತ್ತಿಂದಿತ್ತ ಓಡಾಡಿದವು. ತಾನೊಮ್ಮೆ ಬದಲಾಯಿಸಿದ್ದಳು. ಇವಳೂ ಒಮ್ಮೆ ಬದಲಾಯಿಸಿದ್ದಾಳೆ. ಅಂದರೆ ಎಲ್ಲ ಚಕ್ರಗಳೂ ಮೊದಲಿನ ದಾರಕ್ಕೇ ಬಂದು ಸೇರಿವೆ. ಕೆಂಪು ದಾರದಲ್ಲಿದ್ದದ್ದು ತಂಗಿಯ ಚಕ್ರವೇ, ಗೆದ್ದವಳು ತಂಗಿಯೇ! ಬೆಳಗ್ಗೆಯಿಂದ ಗುಟ್ಟಾಗಿ ಉಬ್ಬಿದ್ದ ಹೆಮ್ಮೆ ಪುಸ್ಸೆಂದು ಇಳಿಯಿತು.

ಆದರೆ ಈ ಸಂಗತಿ ಗೊತ್ತಿದ್ದದ್ದು ಇಡೀ ಲೋಕದಲ್ಲಿ ಅವಳೊಬ್ಬಳಿಗೆ. "ಹೋಗಲಿ ಬಿಡೇ, ಕ್ಷಮಿಸಿದೀನಿ" ಎಂದರೆ ಸಾಕು: ಒವನ್ ತನ್ನದು, ಅಚ್ಚು ತನ್ನದು, ಮೇಲೆ ದೊಡ್ಡ ಮನಸ್ಸಿನವಳೆಂಬ ಹೆಸರು ಬೇರೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ತಂಗಿ ದುಪಟ್ಟಾದಲ್ಲಿ ಮೂಗು ಒರೆಸಿಕೊಂಡಳು. ಮೊದಲ ಸಲ ಗುಳ್ಳೆಯಿಲ್ಲದ ಚಕ್ರ ಎರೆದ ದಿನ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಮಲಗಿದ್ದ ಹುಡುಗಿ ಇವಳು. ಐದು ಡಿಗ್ರಿ ಹೆಚ್ಚು ಹಿಡಿಯುವ ಚಕ್ರ ಮಾಡಿ, ಅದು ತನ್ನದೆಂದು ತಿಳಿಯದೆ ಅಳುತ್ತಾ ನಿಂತಿದ್ದಳು. ದೊಡ್ಡವಳಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಮುದ್ದು ಬಂತು.

ಹೇಳಿಬಿಡುವುದೆಂದು ನಿಶ್ಚಯಿಸಿದಳು. ಹಾಗೆಂದು ಇದ್ದದ್ದನ್ನೆಲ್ಲ ಹೇಳಿ ಮಾನ ಕಳೆದುಕೊಳ್ಳಬೇಕೆಂದು ಎಲ್ಲಿದೆ?

"ಅಳಬೇಡ. ನೀನೇ ಗೆದ್ದಿದ್ದು," ಎಂದಳು ಗಂಭೀರವಾಗಿ. "ನೀನು ಬದಲಾಯಿಸಿದ್ದು ನನಗೆ ಗೊತ್ತಾಗಿತ್ತು. ನಾನೇ ಸದ್ದಿಲ್ಲದೆ ವಾಪಸ್ ಸರಿ ಮಾಡಿದೆ. ಮೋಸದಿಂದ ಗೆಲ್ಲೋದು ನಮ್ಮ ಮನೆಯವರಿಗೆ ಒಪ್ಪುತ್ತಾ?"

ಚಿಕ್ಕವಳು ಅಕ್ಕನನ್ನು ದೇವರನ್ನು ನೋಡುವಂತೆ ನೋಡಿದಳು. "ಅಂದ್ರೆ ಕೆಂಪು ದಾರದಲ್ಲಿದ್ದಿದ್ದು ನಂದೇನಾ? ನಲವತ್ತೆರಡು ನಂದಾ?"

"ನಿಂದೇ ಕಣೇ."

ಚಿಕ್ಕವಳು ಓಡಿಬಂದು ಅಪ್ಪಿಕೊಂಡಳು. ಅಕ್ಕನ ಭುಜದ ಮೇಲೆ ಅಳುವೂ ನಗುವೂ ಒಟ್ಟಿಗೇ ಬಂದವು. ಈ ಸುಳ್ಳಿಗೆ ಇಷ್ಟು ಅಪ್ಪುಗೆ ಸಿಗುವುದಾದರೆ ಹೇಳಿದ್ದೇ ಒಳ್ಳೆಯದಾಯಿತು ಎಂದು ದೊಡ್ಡವಳು ಅವಳ ಬೆನ್ನು ಸವರಿದಳು.

"ನಿನ್ನಂಥವಳು ಇನ್ನೊಬ್ಬಳು ಇಲ್ಲಕ್ಕಾ. ಸುಮ್ಮನಿದ್ದಿದ್ರೆ ನೀನೇ ಗೆಲ್ತಿದ್ದೆ. ಯಾವಾಗ ಸರಿ ಮಾಡಿದೆ?"

"ನಿನ್ನೆ ಸಂಜೆ, ನೀನು ಮನೆಗೆ ಹೋದ ಮೇಲೆ."

ಅಪ್ಪಿಕೊಂಡಿದ್ದ ಕೈಗಳು ಮೆಲ್ಲಗೆ ಸಡಿಲವಾದವು. ಚಿಕ್ಕವಳು ಒಂದು ಹೆಜ್ಜೆ ಹಿಂದೆ ಸರಿದು ಅಕ್ಕನ ಮುಖವನ್ನೇ ನೋಡಿದಳು.

"ಅಕ್ಕಾ, ನಾನು ಬದಲಾಯಿಸಿದ್ದು ಇವತ್ತು ಬೆಳಗ್ಗೆ."

ದೊಡ್ಡವಳು ಒವನ್ ನೋಡಿದಳು, ಅಚ್ಚು ನೋಡಿದಳು, ಸೂರು ನೋಡಿದಳು. ಅಲ್ಲಿ ಯಾವುದೂ ನೆರವಿಗೆ ಬರಲಿಲ್ಲ. ಚಿಕ್ಕವಳ ತುಟಿಯ ಮೂಲೆಯಲ್ಲಿ ನಗೆ ಕದಲುತ್ತಿತ್ತು. ಇನ್ನೊಂದು ಗಳಿಗೆಯಲ್ಲಿ ಅದು ಬೀದಿಗೆಲ್ಲ ಕೇಳಿಸುವುದರಲ್ಲಿತ್ತು.

"ಹಲ್ಲು ಕಿರಿದಿದ್ದು ಸಾಕು," ಎಂದು ದೊಡ್ಡವಳು ಕಲಕುವ ಕೋಲನ್ನು ತಂಗಿಯ ಕೈಗಿಟ್ಟು, ರಾಳದ ಬಕೆಟನ್ನು ಅವಳ ಕಡೆಗೆ ತಳ್ಳಿದಳು. "ನಿನ್ನ ಪಾಕಕ್ಕೆ ಹಾರ್ಡ್‌ನರ್ ಎಷ್ಟು ಹೇಳು."