ಯುಗಂಧರ ಇನ್ನೂ ಬರಲಿಲ್ಲ

ಸಪ್ನಾಳ ಮದುವೆಗೆ ಅಡ್ಡ ಬಂದವನು ಟಿ.ವಿ.ಯೊಳಗಿದ್ದ. ಹೆಸರು ಯುಗಂಧರ. ‘ಒಂಬತ್ತು ಕೋಣೆಯ ಮನೆ’ ಧಾರಾವಾಹಿಯ ಹಿರಿಮಗ, ಮಲಗುವಾಗಲೂ ಕೋಟು ಬಿಚ್ಚದ ಶ್ರೀಮಂತ. ಸಪ್ನಾಳ ತಾಯಿ ಕಾಶಿಗೆ ಅವನೆಂದರೆ ಪ್ರಾಣ. ಕಾರವಾರದ ಮೀನು ಮಾರುಕಟ್ಟೆಯಲ್ಲಿ ಎಂಥಾ ಗಿರಾಕಿ ನಿಂತಿದ್ದರೂ ಸರಿ, ಸಂಜೆ ಅವನ ಹೊತ್ತಿಗೆ ಅವಳು ಬುಟ್ಟಿ ಎತ್ತಿಕೊಂಡು ಕಾಳಿ ಸೇತುವೆ ದಾಟಿ ಸದಾಶಿವಗಡದ ಮನೆ ಸೇರಲೇಬೇಕಿತ್ತು.

ಎರಡು ವರ್ಷದ ಹಿಂದೆ ಅಂಕೋಲೆಯಿಂದ ಕಲಾವತಿ ಹೆಣ್ಣು ನೋಡಲು ಬಂದಿದ್ದಳು. ಅವಳೂ ಮೀನು ಮಾರುವವಳೇ. ಮಗ ಕಿಶೋರ ಬೈತಖೋಲ ಬಂದರಿನಲ್ಲಿ ದೋಣಿಯ ಇಂಜಿನು ರಿಪೇರಿ ಮಾಡುವವನು. ಕಿಶೋರನೂ ಸಪ್ನಾಳೂ ಮೊದಲೇ ಒಪ್ಪಿಯಾಗಿತ್ತು, ಹಾಗಾಗಿ ನೋಡುವುದೆಲ್ಲ ಬರೀ ಶಾಸ್ತ್ರ. ಬಾಯಿಗೆ ಸಕ್ಕರೆ ಬಿತ್ತು, ನಗೆಯಾಯಿತು, ಮುಹೂರ್ತದ ಮಾತೂ ಶುರುವಾಯಿತು. ಅಷ್ಟರಲ್ಲಿ ಧಾರಾವಾಹಿಯ ಹೊತ್ತಾಯಿತು. ಒಂದು ಗಳಿಗೆ ನೋಡಿಬಿಡೋಣ ಎಂದು ಕಾಶಿ ಟಿ.ವಿ. ಹಾಕಿದಳು. ಅವತ್ತೇ, ಅಷ್ಟೂ ದಿನ ಬಿಟ್ಟು ಅವತ್ತೇ, ಯುಗಂಧರನ ಚಿಕ್ಕಪ್ಪ ಅವನನ್ನು ಮೋಜಿನ ಹಡಗಿನಿಂದ ಸಮುದ್ರಕ್ಕೆ ನೂಕಿದ. ನೀರಿನ ಮೇಲೆ ಒಂದು ಬಿಳಿ ಬೂಟು ತೇಲಿತು.

ಕಲಾವತಿ ಚಹಾ ಊದಿಕೊಳ್ಳುತ್ತ ಹೇಳಿದಳು, “ಸತ್ತಾ ಅಂವ. ಮುಗೀತು. ಆ ನಟಗೆ ಸಿನಿಮಾ ಸಿಕ್ಕಿರ್ಬೇಕು.”

ಸಮುದ್ರಕ್ಕೆ ಹೋದವನ ಬಗ್ಗೆ ಈ ದಂಡೆಯ ಮೇಲೆ ಯಾರೂ ಆ ಮಾತು ಆಡುವುದಿಲ್ಲ. ಹೆಣ ದಡಕ್ಕೆ ಬಂದು ಕಣ್ಣಾರೆ ಕಾಣುವವರೆಗೆ ಅವನು ‘ಇನ್ನೂ ಬರಲಿಲ್ಲ’, ಅಷ್ಟೇ. ಕಾಶಿಯ ಗಂಡ ತುಳಸಿದಾಸನೇ ಒಮ್ಮೆ ಬಿರುಗಾಳಿಗೆ ಸಿಕ್ಕಿ ಮೂರ್ನಾಲ್ಕು ದಿನ ಕಾಣೆಯಾಗಿದ್ದ. ಬಳೆ ತೆಗೆಸಲೆಂದು ಮನೆಗೆ ಬಂದ ನೆಂಟರ ಮುಖಕ್ಕೇ ಕಾಶಿ ಬಾಗಿಲು ಹಾಕಿದ್ದಳು. ಬಡಗಣ ದಿಕ್ಕಿನ ಮಾಲವಣದ ದೋಣಿಯವರು ಎತ್ತಿ ಬದುಕಿಸಿದ ತುಳಸಿದಾಸ, ಯಾರದೋ ಹೂವಿನ ಲುಂಗಿ ಉಟ್ಟುಕೊಂಡು, ಊಟ ಆಗಿದೆಯಾ ಎಂದು ಕೇಳುತ್ತ ಬಂದಿದ್ದ. ಆ ದಿನಗಳ ಹೆದರಿಕೆ ಕಾಶಿಯ ಎದೆಯಿಂದ ಪೂರ್ತಿ ಇಳಿದಿರಲಿಲ್ಲ.

ಅವಳು ಎದ್ದು ಕಲಾವತಿಯ ಕೈಯಿಂದ ಅರ್ಧ ಕುಡಿದ ಚಹಾದ ಕಪ್ಪು ಕಸಿದುಕೊಂಡಳು.

“ನೀರಿಗೆ ಹೋದವ್ನ ಸತ್ತಾ ಅಂದೋಳ ಮನೆಗೆ ನಾ ಹೆಣ್ಣು ಕೊಡೂದಿಲ್ಲ. ಯುಗು ತಿರುಗಿ ಬರ್ಲಿ, ನೀ ಬಂದು ತಪ್ಪಾಯ್ತು ಅನ್ನು, ಆಮೇಲೆ ನೋಡ್ವ.”

ಕಲಾವತಿಯೇನು ಕಡಿಮೆಯವಳೇ? “ಅಂವ ಬಂದ ದಿನ ಇದೇ ಬಾಗಿಲಲ್ಲಿ ನಿಂತು ತಪ್ಪಾಯ್ತು ಅಂತೇನೆ. ಬರೂದಿಲ್ಲ ಬಿಡು!” ಎಂದು ಸೆರಗು ಬೀಸಿಕೊಂಡು ಹೊರಟೇಹೋದಳು.

ಅದೇ ವಾರ ಚಾನೆಲ್ಲಿನವರಿಗೆ ಏನು ಕೇಡುಗಾಲ ಬಂತೋ, ಧಾರಾವಾಹಿಯನ್ನೇ ನಿಲ್ಲಿಸಿ ಆ ಜಾಗದಲ್ಲಿ ಅಡುಗೆ ಕಾರ್ಯಕ್ರಮ ಹಾಕಿಬಿಟ್ಟರು. ಯುಗಂಧರ ಸಾಯಲೂ ಇಲ್ಲ, ಬರಲೂ ಇಲ್ಲ. ಪಾಪ, ಸಪ್ನಾ ಮತ್ತು ಕಿಶೋರ ಮಾಡದ ಉಪಾಯವಿಲ್ಲ. ಚಾನೆಲ್ಲಿನ ಅಂತರ್ಜಾಲದ ಪುಟದಲ್ಲಿ ಬದನೆಕಾಯಿ ಎಣ್ಣೆಗಾಯಿಯ ಚಿತ್ರದ ಕೆಳಗೆಲ್ಲ ‘ಯುಗಂಧರ ಎಲ್ಲಿ?’ ಎಂದು ಬರೆದರು. ಕಿಶೋರ ಹೆಂಗಸರ ಹೆಸರಲ್ಲೂ ಬರೆದ, ರಿಟೈರಾದ ಮೇಷ್ಟ್ರ ಹೆಸರಲ್ಲೂ ಬರೆದ.

ಅವರ ಬರಹದಿಂದಲೋ, ದೇವರ ದಯೆಯಿಂದಲೋ, ಈ ಬೇಸಿಗೆಯಲ್ಲಿ ಸುದ್ದಿ ಬಂತು. ‘ಒಂಬತ್ತು ಕೋಣೆಯ ಮನೆ’ಯ ಹೊಸ ಅಧ್ಯಾಯ! ಜಾಹೀರಾತಿನಲ್ಲಿ ಯಾರೋ ಸಮುದ್ರದಿಂದ ಎದ್ದು ಮರಳ ಮೇಲೆ ನಡೆದು ಬರುತ್ತಿದ್ದ. ಮುಖ ತೋರಿಸಲಿಲ್ಲ. ಆದರೆ ಒಂದು ಕಾಲಲ್ಲಿ ಬಿಳಿ ಬೂಟಿತ್ತು, ಇನ್ನೊಂದು ಕಾಲು ಬರಿದು. ಇನ್ನೇನು ಬೇಕು?

ಮರುದಿನ ಕಾಶಿ ಮಾರುಕಟ್ಟೆಯಲ್ಲಿ ಕೇಳಿದವರಿಗೆಲ್ಲ ಎರಡೆರಡು ಬಂಗಡೆ ಹೆಚ್ಚಿಗೆ ಹಾಕಿದಳು. “ನಮ್ಮ ಹುಡ್ಗ ಬಂದಾ!” ಎಂದು ಅವಳು ಹಿಗ್ಗಿದ್ದನ್ನು ಕಂಡು, ದಿನವೂ ಬರುವ ಬ್ಯಾಂಕಿನ ಹೆಂಗಸೊಬ್ಬಳು ಖುಷಿಯಿಂದ ಕೇಳಿದಳು, “ಎಲ್ಲಿಂದ? ದುಬೈಯಿಂದಾ?”

“ಇಲ್ಲ ಬಾಯೆ, ನೀರಿಂದ,” ಎಂದಳು ಕಾಶಿ. ಬ್ಯಾಂಕಿನವಳು ಬಂಗಡೆ ತೆಗೆದುಕೊಂಡು ಬೇಗ ಬೇಗ ನಡೆದಳು.

ಕಲಾವತಿಗೆ ಫೋನು ಹೋಯಿತು. ಮೊದಲ ಕಂತಿನ ದಿನ ಬರುತ್ತೇನೆ, ಆಡಿದ ಮಾತು ನುಂಗುವವಳು ನಾನಲ್ಲ ಎಂದಳು. ಆದರೆ ಮಗ ಜೊತೆಗೆ ಬರಕೂಡದು. ತಾಯಿ ತಪ್ಪಾಯ್ತು ಅನ್ನುವುದನ್ನು ಅವನೇಕೆ ನೋಡಬೇಕು? ಹಾಗಾಗಿ ಆ ದಿನ ಕಿಶೋರ ಬೈತಖೋಲದಲ್ಲಿ ಯಾವುದೋ ಇಂಜಿನಿನ ಅಡಿಯಲ್ಲಿ ಮಲಗಿಕೊಂಡು ನಿಮಿಷಕ್ಕೊಮ್ಮೆ ಸಪ್ನಾಳಿಗೆ ಫೋನು ಮಾಡುತ್ತಿದ್ದ.

ಮೊದಲ ಕಂತಿನ ಸಂಜೆ ಕಾಶಿ ಹೊಸ ಸೀರೆ ಉಟ್ಟಳು. ಪಕ್ಕದ ಮನೆಯ ಮುದುಕಿ ಬೀರಿ ಊರಿಗೆ ಮೊದಲೇ ಬಂದು ಟಿ.ವಿ.ಯ ಎದುರು ಕೂತಳು. ಕಲಾವತಿ ಬಸ್ಸಿಳಿದು, ಒಂದು ಚೀಲ ಕರಿ ಇಶಾಡ ಮಾವಿನಹಣ್ಣು ಹೊತ್ತು ಬಂದು, ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಳು. ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಬಂದವಳದ್ದು. ಸಪ್ನಾಳಿಗೆ ಅವಳನ್ನು ಅಪ್ಪಿಕೊಳ್ಳಬೇಕೆನಿಸಿತು. ಇನ್ನೊಂದು ಗಳಿಗೆ, ಯುಗಂಧರ ಮುಖ ತೋರಿಸಲಿ, ಒಂದು ತಪ್ಪಾಯ್ತು, ಒಂದು ಆಯ್ತು, ಮುಗಿಯಿತಲ್ಲ! ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಶುರುವಾಯಿತು. ಯುಗಂಧರನ ತಾಯಿ ರಾಜೇಶ್ವರಿದೇವಿ ಮೈತುಂಬ ಒಡವೆ ಹೇರಿಕೊಂಡು ಸಮುದ್ರದ ದಂಡೆಯಲ್ಲಿ ಕರ್ಪೂರ ಹಚ್ಚುತ್ತಿದ್ದಳು. ಹಿಂದಿನಿಂದ ಒಂದು ಬೂಟಿನ ಕಾಲು ಬಂತು. “ಅಮ್ಮಾ!” ಎಂಬ ಕೂಗು. ಡೋಲು ಬಡಿಯಿತು, ಗುಡುಗಿತು, ಜಾಹೀರಾತು ಬಂತು, ಮತ್ತೆ ಗುಡುಗಿತು. ಆಮೇಲೆ ಕ್ಯಾಮರಾ ಮೆಲ್ಲಗೆ ಮೇಲೇರಿ ಮುಖ ತೋರಿಸಿತು.

ಬೇರೆ ಯಾವನೋ!

ಮೂಗು ಬೇರೆ, ಗಡ್ಡ ಬೇರೆ, ಗಂಟಲೂ ಬೇರೆ. ರಾಜೇಶ್ವರಿದೇವಿಗೆ ಅದರ ಪರಿವೆಯೇ ಇಲ್ಲ, “ನನ್ನ ಕಂದಾ!” ಎಂದು ಬಾಚಿ ತಬ್ಬಿದಳು.

ಸಪ್ನಾ ತಾಯಿಯ ಹತ್ತಿರ ಸರಿದಳು. “ಆಯಿ, ಉಪ್ಪುನೀರಲ್ಲಿ ಅಷ್ಟ್ ದಿನ ಇದ್ರೆ ಮುಖ ಬದ್ಲಾಗ್ತದೆ,” ಎಂದು ತೊದಲಿದಳು.

ಮೂಲೆಯಲ್ಲಿ ಬಲೆಯ ಹರಕು ಹೊಲಿಯುತ್ತಿದ್ದ ತುಳಸಿದಾಸ ತಲೆಯೆತ್ತಿದ. “ನಂದು ಬದ್ಲಾಗಿತ್ತಾ?”

ಅಪ್ಪನ ಬಾಯಿಗೆ ಆ ಬಲೆಯನ್ನೇ ತುರುಕಬೇಕೆನಿಸಿತು ಸಪ್ನಾಳಿಗೆ. ಅವಳು ತಾಯಿಯನ್ನೇ ನೋಡಿದಳು. ಬಂದ ಎಂದು ಕಾಶಿ ಒಂದು ಮಾತು ಅಂದರೆ ಸಾಕು. ಗೆಲುವು ಅವಳದೇ, ಕಲಾವತಿ ಎದ್ದು ತಪ್ಪಾಯ್ತು ಅನ್ನಲೇಬೇಕು, ಮದುವೆ ನಡೆಯಲೇಬೇಕು. ಕಾಶಿಗೂ ಅದು ಗೊತ್ತಿತ್ತು. ಅವಳ ತುಟಿ ಎರಡು ಸಲ ಬಿಚ್ಚಿ ಎರಡು ಸಲ ಮುಚ್ಚಿತು. ಕಣ್ಣಲ್ಲಿ ನೀರು ತುಂಬಿತು.

“ಇಲ್ಲ,” ಎಂದಳು ಕೊನೆಗೆ. “ಇಂವ ನಮ್ಮ ಯುಗು ಅಲ್ಲ.”

ಮುಗಿಯಿತು, ಎಂದುಕೊಂಡಳು ಸಪ್ನಾ. ಕಲಾವತಿ ಕುರ್ಚಿಯಿಂದ ಎದ್ದು ನಿಂತಳು. ನಾ ಅವತ್ತೇ ಹೇಳಿರಲಿಲ್ಲವಾ ಎಂಬ ಮಾತಿಗಾಗಿ ಸಪ್ನಾ ಕಣ್ಣು ಮುಚ್ಚಿಕೊಂಡಳು.

“ಯಾವ್ನೋ ಇಂವ!” ಕಲಾವತಿ ಬೈದದ್ದು ಟಿ.ವಿ.ಗೆ. “ಅಗೇ ರಾಜೇಶ್ವರಿ, ಹೆತ್ತ ಮಗನ ಗುರ್ತ ಸಿಗೂದಿಲ್ವಾ ನಿಂಗೆ? ಅಂವ ಅಲ್ಲೆಲ್ಲೋ ಅನ್ನ-ನೀರಿಲ್ದೆ ಬಿದ್ದಿರ್ತಾ, ನೀ ದಾರಿ ಮೇಲೆ ಹೋಗೂವವ್ನ ತಬ್ಕಂಡು ಕೂತೆ!”

ಕಾಶಿ ಥಟ್ಟನೆ ತಿರುಗಿದಳು. “ಎಲ್ಲಿ ಬಿದ್ದಿರ್ತಾ?”

“ಅಂದು ತೆಂಕಣ ಗಾಳಿ ಅಲ್ದಾ ಇತ್ತು? ಅವ್ನ ಕೂದ್ಲು ಹಾರೂದು ನೀ ನೋಡ್ಲಿಲ್ವಾ? ಬಡಗಣಕ್ಕೇ ಹೋಗಿರ್ತಾ. ಆ ಬದಿಯ ಯಾರಾದ್ರೂ ದೋಣಿಯವ್ರು ಎತ್ಕಂಡಿರ್ತ್ರು. ಹುಡುಕೂಕೆ ಇವ್ರಿಗೆ ಎಂತಾ ಆಗಿತ್ತು?”

“ಅದೇ ನಾನೂ ಅಂದ್ಕಂಡಿದ್ದೆ!” ಎಂದಳು ಕಾಶಿ.

ಕಲಾವತಿ ಅವಳ ಮುಖ ನೋಡಲಿಲ್ಲ. ಸೆರಗಿನ ತುದಿ ತಿರುವುತ್ತ ನಿಂತಳು. “ಅವತ್ತು ಬಾಯಿಗೆ ಬಂದದ್ದು ಆಡ್ದೆ. ಆಮೇಲೆ ನಮ್ಮ ಕಿಶೋರ ಇಂಜಿನು ನೋಡೂಕೆ ಅಂತ ದೋಣಿ ಮೇಲೆ ಹೋದಾಗೆಲ್ಲಾ ಆ ಮಾತೇ ನೆಪ್ಪಾಗ್ತಿತ್ತು. ಅಂವ ಮನೆಗೆ ಬರೂ ತನಕ ಅನ್ನ ಇಳೀತಿರ್ಲಿಲ್ಲ ನಂಗೆ. ಯಾರಿಗೂ ಹೇಳ್ಲಿಲ್ಲ.”

ಕಾಶಿ ಅವಳ ಕೈ ಹಿಡಿದು ಎಳೆದು ತನ್ನ ಪಕ್ಕದ ಚಾಪೆಯ ಮೇಲೆ ಕೂರಿಸಿಕೊಂಡಳು. ಇಬ್ಬರೂ ಸೇರಿ ಸ್ವಲ್ಪ ಹೊತ್ತು ಅತ್ತರು. ಟಿ.ವಿ.ಯಲ್ಲಿ ಆ ಹೊಸಬ ಪಾಯಸ ಕುಡಿಯುತ್ತಿದ್ದ. ಇಬ್ಬರೂ ಅಳು ನಿಲ್ಲಿಸಿ ಒಂದೇ ಬಾಯಲ್ಲಿ ಅವನಿಗೆ ಬೈದರು. ಬೀರಿ ಮುದುಕಿ ತನಗೆ ತಿಳಿದ ಕೊಂಕಣಿ ಬೈಗುಳಗಳನ್ನೂ ಅದಕ್ಕೆ ಸೇರಿಸಿದಳು. ಬೈಗುಳ ಮುಗಿಯುವ ಹೊತ್ತಿಗೆ ಕಾಶಿಗೆ ನಗೆ ಬಂತು, ಕಲಾವತಿಗೂ ಬಂತು. ಒಬ್ಬರ ಮೈಮೇಲೆ ಒಬ್ಬರು ಬಿದ್ದು ನಕ್ಕರು.

“ಯುಗು ಬಂದಾಗ ಬರ್ಲಿ,” ಎಂದಳು ಕಾಶಿ, ಕಣ್ಣೊರೆಸಿಕೊಂಡು. “ಅಂವ ಬರೂ ತನಕ ಕಾದ್ರೆ ಈ ಹುಡ್ಗಿ ಮುದ್ಕಿ ಆಗ್ತಾಳೆ. ಮಳೆಗಾಲದೊಳ್ಗೆ ಮದ್ವೆ ಮಾಡ್ಬಿಡ್ವ.”

“ನಾಳೆನೇ ಭಟ್ರ ಹತ್ರ ಹೋಗ್ವ,” ಎಂದಳು ಕಲಾವತಿ.

ಸಪ್ನಾ ಅಂಗಳಕ್ಕೆ ಹಾರಿದಳು. ಫೋನು ಆಗಲೇ ಕೈಯಲ್ಲಿ ಹೊಡೆದುಕೊಳ್ಳುತ್ತಿತ್ತು.

“ಬಂದ್ನಾ?” ಕಿಶೋರನ ದನಿ ಇಂಜಿನಿನ ಅಡಿಯಿಂದ ಕೇಳಿತು.

“ಇಲ್ಲ ಮಾರಾಯಾ, ಬರ್ಲಿಲ್ಲ!” ಸಪ್ನಾ ಕುಣಿಯುತ್ತ ಕೂಗಿದಳು.

ಆ ಕಡೆ ಏನೋ ಕಬ್ಬಿಣದ್ದು ಠಣ್ಣನೆ ಬಿತ್ತು. “ಅಂದ್ರೆ ನಮ್ದು ಮುಗೀತಾ?”

“ಮುಗಿಯೂದು ಎಂತಾದು? ಅಂವ ಬರ್ಲಿಲ್ಲ ಅಂತ್ಲೇ ನಮ್ಮ ಮದ್ವೆ!”

“ನಂಗೆ ಅರ್ಥ ಆಗ್ಲಿಲ್ಲ,” ಎಂದ.

“ನಂಗೂ ಆಗ್ಲಿಲ್ಲ. ನೀ ಕೈ ತೊಳ್ಕಂಡು ಬೇಗ ಬಾ.”