ಸೊನ್ನೆಗೆ ತಂದವರು

ಟಿಕ್. ಸ್ವಲ್ಪ ತಡೆದು ಮತ್ತೆ ಟಿಕ್, ಟಿಕ್.

ಮನೆಯೆಲ್ಲ ಮಲಗಿದ ಮೇಲೆ ಕೇಳುವ ಸದ್ದುಗಳು ನನಗೆ ಬಾಯಿಪಾಠ. ಫ್ರಿಜ್ಜಿನ ನಡುಕ, ನಲ್ಲಿಯ ಹನಿ, ಪಕ್ಕದಲ್ಲಿ ಗಂಡನ ಗೊರಕೆ ಏರಿ ಇಳಿಯುವ ರೀತಿ. ಇದು ಹೊಸದು. ಬರುತ್ತಿದ್ದುದು ನನ್ನ ಚಿಕ್ಕ ಕೋಣೆಯಿಂದ. ಆ ಕೋಣೆಯಲ್ಲಿ ನನ್ನ ಮೇಜಿನ ಪಕ್ಕದಲ್ಲೇ ಬಂದೂಕಿನ ಕಬ್ಬಿಣದ ಕಪಾಟು ಇದೆ.

ಎದ್ದವಳು ಮೊದಲು ನನ್ನ ಬಟ್ಟೆಗಳ ನಡುವೆ ಕೈ ಹಾಕಿದೆ. ಬಂದೂಕಿನ ಬೋಲ್ಟ್ ಶಾಲಿನ ಕೆಳಗೆ ತಣ್ಣಗೆ ಸಿಕ್ಕಿತು. ಅದಿಲ್ಲದೆ ಬಂದೂಕು ಬರೀ ಕೋಲು. ಅದನ್ನು ಕಾಯುವ ಕೆಲಸ ಇವರು ನನಗೇ ವಹಿಸಿದ್ದರು. ಹಾಕಿದ ಬೀಗವನ್ನು ಮತ್ತೆ ಮತ್ತೆ ಜಗ್ಗಿ ನೋಡುವವಳು ಮನೆಯಲ್ಲಿ ನಾನೊಬ್ಬಳೇ ಎಂಬ ಕಾರಣಕ್ಕೆ.

ಬಾಗಿಲ ಸಂದಿಯಿಂದ ಇಣುಕಿದರೆ, ಮಾವ. ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತೆರೆದ ಕಪಾಟಿನ ಮುಂದೆ ನಿಂತಿದ್ದರು. ಬಂದೂಕನ್ನು ಎತ್ತಿರಲಿಲ್ಲ. ಗುರಿ ನೋಡಲು ಅದರ ಮೇಲೆ ಕೂರಿಸಿದ್ದ ದುರ್ಬೀನಿನಂಥ ಸ್ಕೋಪಿನ ಮುಚ್ಚಳ ಬಿಚ್ಚಿ, ಒಳಗಿದ್ದ ಪುಟ್ಟ ಡಯಲನ್ನು ಎರಡೇ ಬೆರಳಲ್ಲಿ ತಿರುಗಿಸುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದರು. ಇನ್ನೊಂದು ಟಿಕ್. "ಹಾಂ, ಈಗ ಸರಿಯಾಯ್ತು" ಎಂದು ತಮಗೆ ತಾವೇ ಹೇಳಿಕೊಂಡರು. ಬದಿಯ ಡಯಲಿಗೂ ಅದೇ ಉಪಚಾರ ನಡೆಯಿತು. ಆಮೇಲೆ ಮುಚ್ಚಳ, ಬೀಗ ಎಲ್ಲ ಹಾಕಿ, ಗ್ಯಾಸ್ ನೋಡಲು ಅಡುಗೆಮನೆಗೆ ಹೋದರು.

ನನಗೆ ಮೊದಲು ನಗು ಬಂತು. ಹಾಸಿಗೆಗೆ ಮರಳಿ ಯೋಚಿಸಿದಂತೆ ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮಾವ ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ದುಡಿದವರು. ಪಾಳಿ ಮುಗಿಸಿ ಹೊರಡುವವನು ಪ್ರತಿಯೊಂದು ಡಯಲನ್ನೂ ಸೊನ್ನೆಗೆ ತಂದೇ ಹೊರಡಬೇಕೆಂಬುದು ಅಲ್ಲಿನ ಶಿಸ್ತು. ನಿವೃತ್ತಿಯಾಯಿತೇ ಹೊರತು ಪಾಳಿ ಮುಗಿಯಲಿಲ್ಲ. ರೇಡಿಯೋ, ಇಸ್ತ್ರಿಪೆಟ್ಟಿಗೆ, ಗೀಸರ್, ಫ್ಯಾನಿನ ರೆಗ್ಯುಲೇಟರ್, ಹೀಗೆ ಮಲಗುವ ಮುಂಚೆ ಎಲ್ಲವೂ ಅವರ ಕೈಯಲ್ಲಿ ಸೊನ್ನೆಯಾಗಬೇಕು. ಒಮ್ಮೆ ಫ್ರಿಜ್ಜನ್ನೂ ಸೊನ್ನೆಗೆ ತಂದು, ಮಾರನೆಯ ದಿನ ಹಾಲು ಮೊಸರಾಗಿ ಮೊಸರು ಮತ್ತೇನೋ ಆಗಿತ್ತು. ಆಗ ಇವರು ಕೂಗಾಡಿದ್ದರು, ಇನ್ನೊಂದು ಸಲ ಏನಾದರೂ ಮುಟ್ಟಿದರೆ ಬಂದೂಕಿನ ಕಪಾಟಿನ ಕೀಲಿಯನ್ನೂ ಕಸಿದುಕೊಳ್ಳುವುದಾಗಿ ಹೇಳಿದ್ದರು. ಬಂದೂಕು ಮೊದಲು ಮಾವನದೇ. ಪರವಾನಗಿಯಲ್ಲಿ ಇಂದಿಗೂ ಇಬ್ಬರ ಹೆಸರಿದೆ. ಮಾವನ ಸೊಂಟದಲ್ಲಿ ಉಳಿದಿರುವ ಅಧಿಕಾರ ಆ ಕೀಲಿಯೊಂದೇ.

ಇನ್ನು ಇವರ ಗೋಳು. ಕ್ಲಬ್ಬಿನಲ್ಲಿ ಶನಿವಾರ ಮಧ್ಯಾಹ್ನ ಅಭ್ಯಾಸ, ಭಾನುವಾರ ಬೆಳಿಗ್ಗೆ ಪಂದ್ಯ. ಪಂದ್ಯದಲ್ಲಿ ಮೊದಲ ಗುಂಡಿನಿಂದಲೇ ಲೆಕ್ಕ. ಪರೀಕ್ಷೆಗೆಂದು ಹಾರಿಸುವಂತಿಲ್ಲ, ನಡುವೆ ಸ್ಕೋಪಿನ ಡಯಲ್ ಮುಟ್ಟುವಂತಿಲ್ಲ. ಹಳೆಯ ಸ್ಕೋಪ್ ಇದ್ದಾಗ ಇವರು ಚೆನ್ನಾಗಿಯೇ ಹೊಡೆಯುತ್ತಿದ್ದರು. ಅದಕ್ಕೆ ಡಯಲ್ ಇರಲಿಲ್ಲ, ನಾಣ್ಯದ ಅಂಚಿನಿಂದ ತಿರುಗಿಸುವ ಸ್ಕ್ರೂ ಮಾತ್ರ. ಅಂಕಿಯಿಲ್ಲ, ಸೊನ್ನೆಯೂ ಇಲ್ಲ. ಆಮೇಲೆ ಆಸೆ ಹುಟ್ಟಿತು. ಹಿಡಿಸದಿದ್ದರೆ ಮರಳಿಸುವ ಕರಾರಿನ ಮೇಲೆ ಅಂಗಡಿಯಿಂದ ಹೊಸ ಸ್ಕೋಪ್ ತಂದರು. ಅದು ಗುರಿಯನ್ನು ಎಷ್ಟು ದೊಡ್ಡದು ಮಾಡುತ್ತಿತ್ತೆಂದರೆ ಒಳಗಿನ ಗೆರೆಗಳು ಇವರ ಎದೆಬಡಿತಕ್ಕೆ ಸರಿಯಾಗಿ ಕುಣಿಯುತ್ತಿದ್ದವು. ಅದನ್ನು ಮರಳಿಸಿ ಎರಡನೆಯದು ತಂದರು. ಅದರ ಗಾಜೇನೋ ತಿಳಿಯಾಗಿತ್ತು, ಆದರೆ ತಲೆ ಒಂದಿಷ್ಟು ಅಲುಗಿದರೆ ಗೆರೆ ಗುರಿಯ ಮೇಲಿಂದ ಜಾರುತ್ತಿತ್ತು. ಮೂರನೆಯದರಲ್ಲಿ ಕೂದಲೆಳೆಯಂಥ ಗೆರೆ, ನಡುವೆ ಒಂದು ಚುಕ್ಕಿ. ಅದರ ಟಿಕ್ ಸದ್ದು ಗಟ್ಟಿ ಎಂಬುದನ್ನೇ ಅಂಗಡಿಯವನು ಗುಣವೆಂದು ಹೊಗಳಿದ್ದನಂತೆ. ಆ ಗುಣದಿಂದಲೇ ನನಗೆ ಎಚ್ಚರವಾದದ್ದು.

ಮೂರರಲ್ಲೂ ಒಂದೇ ಕತೆ. ಶನಿವಾರ ಡಯಲ್ ತಿರುಗಿಸಿ ಹೊಂದಿಸಿದರೆ ಐದೂ ಗುಂಡು ನಟ್ಟನಡುವೆ. ಭಾನುವಾರ ಐದೂ ಗುಂಡು ಅಷ್ಟೇ ಅಚ್ಚುಕಟ್ಟಾಗಿ, ಒಂದು ಅಂಗಿಯ ಗುಂಡಿ ಮುಚ್ಚುವಷ್ಟು ಜಾಗದಲ್ಲಿ, ಕಪ್ಪು ವೃತ್ತದ ಹೊರಗೆ ಕೆಳಗೆ. ಡಯಲಿನ ಅಂಕಿಯನ್ನು ಇವರು ಓದುವವರಲ್ಲ. ಕಿವಿಯಿಂದ ಟಿಕ್ ಎಣಿಸುವುದು, ಮುಚ್ಚಳ ಹಾಕುವುದು, ಅಷ್ಟೇ. "ಶನಿವಾರ ಬೀಳತ್ತೆ, ಭಾನುವಾರ ಬೀಳಲ್ಲ. ಬಂದೂಕಿಗೇನು ವಾರ ಗೊತ್ತಾಗತ್ತಾ?" ಎಂದು ಊಟದ ತಟ್ಟೆಯನ್ನು ಕೇಳುತ್ತಿದ್ದರು.

ಉತ್ತರ ಕೊಡಲು ಭಾವ ಇದ್ದರು. ಇವರ ಅಕ್ಕನ ಗಂಡ; ಇವರು ಭಾವ ಎನ್ನುವುದರಿಂದ ಮನೆಯವರೆಲ್ಲರಿಗೂ ಭಾವನೇ. ಕ್ಲಬ್ಬಿನಲ್ಲಿ ಅವರದು ಆರು ಮಿಲಿಮೀಟರಿನ ಬಂದೂಕು, ಇವರದು ಚಿಕ್ಕ ಪಾಯಿಂಟ್ ಟೂ ಟೂ. ಬೆಳಗಿನ ಚಳಿಗಾಳಿಯಲ್ಲಿ ಚಿಕ್ಕ ಗುಂಡಿಗೆ ದಮ್ಮು ಸಾಲದು, ನಡುದಾರಿಯಲ್ಲೇ ಕುಸಿಯುತ್ತದೆ ಎನ್ನುವುದು ಅವರ ಸಿದ್ಧಾಂತ. "ಮೂರು ಸ್ಕೋಪ್ ಬದಲಾಯಿಸಿದೆಯಲ್ಲ ಮಹರಾಯ. ಕನ್ನಡಕ ಬದಲಾಯಿಸಿದ್ರೆ ಕುಂಟೋದು ನಿಲ್ಲುತ್ತಾ? ಕ್ಯಾಲಿಬರ್ ಬದಲಾಯಿಸು, ದೊಡ್ಡ ಗುಂಡಿನ ಬಂದೂಕು ತಗೋ."

ಅದು ಬರೀ ಬಂದೂಕಿನ ಮಾತಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆರು ಮಿಲಿಮೀಟರಿಗೆ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳಬೇಕು. ಅದಕ್ಕೊಂದು ದಪ್ಪ ಮರದ ಮೇಜು, ಮೇಜಿನ ಮೇಲೆ ಒತ್ತುವ ಯಂತ್ರ, ಪಕ್ಕದಲ್ಲಿ ಮದ್ದಿನ ಡಬ್ಬಿ. ಇದೆಲ್ಲ ಬರಬೇಕಾದದ್ದು ನನ್ನ ಚಿಕ್ಕ ಕೋಣೆಗೆ. ನಾನು ಪಠ್ಯಪುಸ್ತಕಗಳ ಕರಡು ತಿದ್ದುವುದು ಅಲ್ಲಿ. ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ, ಯಾರೂ ಏನನ್ನೂ ಕೇಳದ ಜಾಗ ಅದೊಂದೇ. ನನ್ನ ಮೇಜನ್ನು ಹಜಾರಕ್ಕೆ, ಟಿವಿಯ ಪಕ್ಕಕ್ಕೆ ಹಾಕೋಣ ಎಂದು ಇವರು ಆಗಲೇ ಅಳತೆ ತೆಗೆದಿದ್ದರು.

ನಾನು ಟಿಕ್ ಕೇಳಿದ ಮರುದಿನವೇ ಭಾನುವಾರ. ಗುಂಡುಗಳು ಕೆಳಗೇ ಬಿದ್ದವು. ಸಂಜೆ ಭಾವ ತಮ್ಮ ಹಳೆಯ ತೋಟಾ ಮೇಜನ್ನು ಗಾಡಿಯಲ್ಲಿ ತಂದು, ನಮ್ಮ ವೆರಾಂಡದಲ್ಲಿಳಿಸಿ, ಟಾರ್ಪಾಲು ಹೊದಿಸಿ ಹೋದರು. ಬರುವ ಭಾನುವಾರ ಕೊನೆಯ ಪರೀಕ್ಷೆ, ಅದರಲ್ಲೂ ಸೋತರೆ ಸೋಮವಾರವೇ ಹೊಸ ಬಂದೂಕಿಗೆ ಅರ್ಜಿ ಎಂದು ಇವರು ಘೋಷಿಸಿದರು.

ಶನಿವಾರ ಇವರು ಹೊಂದಿಸಿದ್ದನ್ನು ರಾತ್ರಿ ಮಾವ ಸೊನ್ನೆಗೆ ತಂದು ಅಳಿಸುತ್ತಿದ್ದಾರೆ ಎಂದು ನಾನು ಬಾಯಿಬಿಟ್ಟಿದ್ದರೆ ಒಂದೇ ವಾಕ್ಯದಲ್ಲಿ ಮುಗಿಯುತ್ತಿತ್ತು. ಆದರೆ ಆ ವಾಕ್ಯವನ್ನು ಹೇಗೆ ತಿದ್ದಿ ಬರೆದರೂ ಕೊನೆಗೆ ಮಾವನ ಕೀಲಿ ಹೋಗುತ್ತಿತ್ತು. ಮಾವನಿಗೇ ಗುಟ್ಟಾಗಿ ಹೇಳೋಣವೆಂದರೆ, ಮಗನಿಗೆ ಗುರಿ ಹಿಡಿಯಲು ಕಲಿಸಿದವರೇ ಅವರು. ಅವನ ಗುರಿ ಕೆಡಿಸಿದ್ದು ತಾವೇ ಎಂದು ತಿಳಿದರೆ ಊಟ ಬಿಟ್ಟಾರು.

ಸ್ಕೋಪಿನ ಪೆಟ್ಟಿಗೆಯಲ್ಲಿ ಒಂದು ಕೈಪಿಡಿ ಇತ್ತು. ನಮ್ಮ ಮನೆಯ ಗಂಡಸರು ಕೈಪಿಡಿ ಓದುವುದನ್ನು ಸೋಲೆಂದು ತಿಳಿದವರು. ನಾನು ಓದಿದೆ, ಅಚ್ಚಿನ ತಪ್ಪುಗಳನ್ನು ಪೆನ್ಸಿಲಿನಲ್ಲಿ ತಿದ್ದುತ್ತಲೇ ಓದಿದೆ. ಹೊಂದಿಸಿ ಮುಗಿದ ಮೇಲೆ ಡಯಲಿನ ಪಕ್ಕದ ಪುಟ್ಟ ಸ್ಕ್ರೂ ಸಡಿಲಿಸಿ, ಅಂಕಿಗಳ ಉಂಗುರವನ್ನಷ್ಟೇ ತಿರುಗಿಸಿ, ಸೊನ್ನೆಯನ್ನು ಗುರುತಿನ ಗೆರೆಯ ಎದುರು ತರಬೇಕಂತೆ. ಒಳಗಿನ ಹೊಂದಿಕೆ ಅಲುಗುವುದಿಲ್ಲ, ಅಂಕಿ ಮಾತ್ರ ಬದಲಾಗುತ್ತದೆ. ಅಂದರೆ ಸೊನ್ನೆಯೇ ಸರಿಯಾದ ಜಾಗವಾಗುತ್ತದೆ. ಆಮೇಲೆ ಮಾವ ರಾತ್ರಿಯೆಲ್ಲ ಕಪಾಟಿನ ಮುಂದೆ ನಿಂತರೂ ತಿರುಗಿಸಲು ಏನೂ ಉಳಿಯುವುದಿಲ್ಲ.

ಶನಿವಾರ ಇವರು ಕ್ಲಬ್ಬಿನಿಂದ ಬಂದು, ಬೋಲ್ಟನ್ನು ನನ್ನ ಕೈಗಿಟ್ಟು, ಸ್ನಾನಕ್ಕೆ ಹೋದರು. ಮಾವ ಹಜಾರದಲ್ಲಿ ವಾರ್ತೆ ಕೇಳುತ್ತಿದ್ದರು. ಇವರ ಕೀಲಿಯಿಂದ ಕಪಾಟು ತೆರೆದು, ಪೆಟ್ಟಿಗೆಯಲ್ಲಿದ್ದ ಬಾಗಿದ ಕಡ್ಡಿಯಿಂದ ಸ್ಕ್ರೂ ಸಡಿಲಿಸಿದೆ. ಮೇಲಿನ ಡಯಲ್ ಹೂವೆತ್ತಿದಂತೆ ಮುಗಿಯಿತು. ಬದಿಯದರಲ್ಲಿ ಸ್ಕ್ರೂ ಇನ್ನೂ ಬಿಗಿಯಾಗಿರುವಾಗಲೇ ಬೆರಳು ಜಾರಿ, ಟಿಕ್ ಎಂದಿತು.

"ಏನದು ಸದ್ದು?" ಮಾವ ಹಜಾರದಿಂದಲೇ ಕೇಳಿದರು.

"ಪೆನ್ನು, ಮಾವ" ಎಂದೆ. ಬಂದೂಕಿನ ಎದುರು ನಿಂತು ಹೇಳುವ ಸುಳ್ಳಿಗೆ ಧ್ವನಿ ಬಹಳ ತೆಳ್ಳಗಾಗುತ್ತದೆ.

ಅಲುಗಿದ್ದು ಒಳಗಿನ ಹೊಂದಿಕೆಯೇ. ಅದು ಎಡಕ್ಕೆ ಜಾರಿತೋ ಬಲಕ್ಕೋ? ಬಲಕ್ಕೆಂದು ನಂಬಿ ಎಡಕ್ಕೆ ಒಂದು ಟಿಕ್ ತಿರುಗಿಸಿದೆ. ಆಮೇಲೆ ಸ್ಕ್ರೂ ಸಡಿಲಿಸಿ, ಉಂಗುರವನ್ನು ಸೊನ್ನೆಗೆ ತಂದು, ಮತ್ತೆ ಬಿಗಿದೆ. ಮುಚ್ಚಳ ಹಾಕಿದೆ. ಬೀಗ ಜಗ್ಗಿ ನೋಡಿದೆ. ಮತ್ತೆ ಜಗ್ಗಿ ನೋಡಿದೆ.

ಆ ರಾತ್ರಿ ಕಿವಿಯಾಗಿ ಮಲಗಿದ್ದೆ. ಕಪಾಟು ತೆರೆದ ಸದ್ದು ಕೇಳಿತು, ಆಮೇಲೆ ಏನೂ ಇಲ್ಲ. ಟಿಕ್ ಇಲ್ಲ. ಬೀಗ ಬಿತ್ತು. ಮಾವನ ಚಪ್ಪಲಿ ಅಡುಗೆಮನೆಯತ್ತ ಸಾಗಿತು.

ಬೆಳಿಗ್ಗೆ ಕಾಫಿ ಕೊಡುವಾಗ ಅವರು ಮಗನ ಕೋಣೆಯತ್ತ ಕಣ್ಣು ಹಾಯಿಸಿ, ದನಿ ತಗ್ಗಿಸಿ ಹೇಳಿದರು: "ಅಂತೂ ಅವನಿಗೂ ಬುದ್ಧಿ ಬಂತಮ್ಮ. ಬಳಸಿದ ಮೇಲೆ ಸೊನ್ನೆಗೆ ತಂದಿಡೋದು ಕಲ್ತಿದ್ದಾನೆ. ನಾನು ಒಂದು ಮಾತೂ ಹೇಳಿಲ್ಲ ನೋಡು."

"ಹೇಳಬೇಡಿ ಮಾವ," ಎಂದೆ. "ಹೇಳಿದ್ರೆ ಬೇಕಂತಲೇ ಬಿಟ್ಟುಬಿಡ್ತಾರೆ." ಅವರು ಗಂಭೀರವಾಗಿ ತಲೆಯಾಡಿಸಿದರು.

ಮಧ್ಯಾಹ್ನದವರೆಗೆ ನಾನು ಒಂದೇ ಪುಟದ ಕರಡನ್ನು ನೋಡುತ್ತ ಕುಳಿತಿದ್ದೆ. ಆ ಒಂದು ಟಿಕ್ ಬಲಕ್ಕೇ ಜಾರಿತ್ತೇ? ಗಾಡಿ ಬಂದ ಸದ್ದಾದರೂ ಏಳಲಿಲ್ಲ. ಇವರೇ ಒಳಬಂದು ಗುರಿಯ ಕಾಗದವನ್ನು ನನ್ನ ಕರಡಿನ ಮೇಲೆ ಹರಡಿದರು. ತೂತುಗಳು ಕಪ್ಪಿನ ಹೊಟ್ಟೆಯೊಳಗೆ ಒಂದರ ಮೇಲೊಂದು ಕೂತಿದ್ದವು. ಎಡಕ್ಕೆ ಒಂದು ಎಳೆಯಷ್ಟು ಓಲಿದ್ದವೇನೋ. "ಗಾಳಿ," ಎಂದು ಇವರೇ ವಿವರಿಸಿದರು. ಉಳಿದದ್ದೆಲ್ಲ ಉಸಿರಿನ ಹಿಡಿತವಂತೆ, ಕೂದಲೆಳೆಯ ಗೆರೆಯಂತೆ. ಈ ಸ್ಕೋಪನ್ನು ಇಟ್ಟುಕೊಳ್ಳುವುದೇ ಸೈ, ಚಿಕ್ಕ ಗುಂಡಿಗೆ ಸಮ ಬೇರೊಂದಿಲ್ಲ. ಕೋಣೆಯ ಅಳತೆ ಬರೆದ ಚೀಟಿ ಅವತ್ತೇ ಕಸದ ಬುಟ್ಟಿಗೆ ಹೋಯಿತು.

ಸಂಜೆ ಭಾವ ಮೇಜನ್ನು ಮರಳಿ ಗಾಡಿಗೇರಿಸುತ್ತ, ಒಂದು ಭಾನುವಾರ ಗೆದ್ದಾಕ್ಷಣ ಕ್ಯಾಲಿಬರ್ ದೊಡ್ಡದಾಗುವುದಿಲ್ಲ ಎಂದು ಗೊಣಗಿದರು. ಅಲ್ಲಿಗೇ ನಿಲ್ಲಿಸದೆ ನನ್ನ ಕಡೆ ತಿರುಗಿದರು: "ಮುಂದಿನ ಭಾನುವಾರ ನಾನು ಪಂದ್ಯಕ್ಕೆ ಇಳೀತೀನಲ್ಲ, ಆಗ ನೋಡಮ್ಮ. ಈ ಮೇಜು ಮತ್ತೆ ನಿನ್ನ ಕೋಣೆಗೇ ಬರೋದು." ತಮ್ಮ ಸ್ಕೋಪಿನ ಡಯಲ್ ಏಳರ ಮೇಲೆ ಕೂತಿದೆ, ಒಮ್ಮೆ ಕೂರಿಸಿದ ಮೇಲೆ ಅದನ್ನು ತಿರುಗಿಯೂ ನೋಡುವವರಲ್ಲ ತಾವು, ಎಂದೂ ಸೇರಿಸಿದರು.

ಅದೇ ಗಾಡಿಯಲ್ಲಿ ಮಾವ ಹೊರಟಿದ್ದರು, ಮಗಳ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬರಲು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಿಂದ ಹೇಳಿದರು: "ಅವನ ಬಂದೂಕಿನ ಕಪಾಟಿನ ಕೀಲೀನೂ ನನ್ನ ಹತ್ರ ಇರಲಿ ಅಂದಿದ್ದಾನಮ್ಮ ಅಳಿಯ. ಅವನು ಎಲ್ಲಿಟ್ಟೆ ಅಂತ ಮರೀತಾನಂತೆ. ಟಾರ್ಚ್ ಹಾಕಿದೀಯಾ?"

"ಹಾಕಿದೀನಿ ಮಾವ. ಹೊಸ ಬ್ಯಾಟರೀನೂ ಹಾಕಿದೀನಿ."

ಗಾಡಿ ಹೊರಟಿತು. ಏಳು ಎಂದರೇನು, ಸೊನ್ನೆ ಎಂದರೇನು ಎಂಬುದು ಆ ಬೀದಿಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಕೂಗಿದ್ದರೆ ಕೇಳುವಷ್ಟು ದೂರದಲ್ಲೇ ಗಾಡಿ ತಿರುವಿನಲ್ಲಿ ತಡೆಯಿತು. ಇವರು ಪಕ್ಕದಲ್ಲಿ ನಿಂತು, ಯಾಕೆ ನಗ್ತಿದೀಯ ಎಂದು ಕೇಳಿದರು. ಏನಿಲ್ಲ ಎಂದೆ. ಒಳಗೆ ಬಂದು ನನ್ನ ಕೋಣೆಯ ಚಿಲಕ ಹಾಕಿಕೊಂಡು ಮೇಜಿನ ಮುಂದೆ ಕುಳಿತಾಗ ತೀರ್ಮಾನ ಗಟ್ಟಿಯಾಯಿತು: ಇವರಿಗಾಗಲಿ, ಮಾವನಿಗಾಗಲಿ, ಮುಖ್ಯವಾಗಿ ಭಾವನಿಗೆ, ಯಾರಿಗೂ ಹೇಳುವುದಿಲ್ಲ.