ಒಂದೇ ಕಡೆ ತಿರುಗುವ ಬಳೆ

ಅವಳ ಗಂಡ ಹಡಗುಗಳ ತಳ ಉಜ್ಜುವ ಮುಳುಗುಗಾರನಾಗಿದ್ದ. ಅವನು ನೀರಿನಡಿಯಲ್ಲೇ ಸತ್ತ ಮೇಲೆ ಅವನ ಕೈಗಡಿಯಾರ ಮನೆಗೆ ಬಂತು. ಆ ದಿನ ದೋಣಿಯಲ್ಲಿ ಹಗ್ಗ ಹಿಡಿದು ಕಾಯುತ್ತಿದ್ದವನು ಗಂಡನ ಅಣ್ಣ. ಬಂದವರಿಗೆಲ್ಲ ವಾಚು ತೋರಿಸಿ ಒಂದೇ ಕತೆ ಹೇಳುತ್ತಿದ್ದ.

"ಹಾಳು ವಾಚು ಕೈಕೊಡ್ತು. ನಾನು ಹಗ್ಗ ಬಿಟ್ಟು ಅಲ್ಲಾಡಿಲ್ಲ. ಮುಳುಗಿ ಎಷ್ಟು ಹೊತ್ತಾಯ್ತು ಅಂತ ತೋರಿಸೋ ಈ ಸುತ್ತಿನ ಬಳೆ ಹಡಗಿಗೆ ತಾಗಿ ಜರುಗಿ, ಮೇಲೆ ಬರೋಕೆ ಇನ್ನೂ ಹೊತ್ತಿದೆ ಅಂತ ತೋರಿಸ್ತು. ಪಾಪ, ನಂಬಿಬಿಟ್ಟ."

ಅವಳೂ ನಂಬಿದ್ದಳು. ಇವತ್ತು ಗಾಜು ಒರೆಸುವಾಗ ಬಳೆಯನ್ನು ಸುಮ್ಮನೆ ತಿರುಗಿಸಿದಳು. ಎಡಕ್ಕೆ ಟಿಕ್ ಟಿಕ್ ಎಂದು ತಿರುಗಿತು. ಬಲಕ್ಕೆ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಹಳೆಯ ವಾಚುಗಳಲ್ಲಿ ಅದು ಎರಡೂ ಕಡೆ ತಿರುಗುತ್ತಿತ್ತು, ಮುಳುಗುವವರ ಪ್ರಾಣಕ್ಕೆ ಸಂಚಕಾರ ಬರಬಾರದೆಂದು ಆಮೇಲೆ ಹೀಗೆ ಮಾಡಿದರು ಎಂದು ಗಂಡ ಹೆಮ್ಮೆಯಿಂದ ಹೇಳಿದ್ದು ಆಗ ನೆನಪಾಯಿತು.

ಊಟಕ್ಕೆ ಕೂತಿದ್ದ ಭಾವನ ಮುಂದೆ ವಾಚು ಇಟ್ಟಳು.

"ಭಾವ, ಇದು ಒಂದೇ ಕಡೆ ತಿರುಗೋದು. ಜರುಗಿದ್ರೂ ಹೊತ್ತಾಯ್ತು, ಬೇಗ ಮೇಲೆ ಬಾ ಅಂತಲೇ ತೋರಿಸುತ್ತೆ. ಇದರ ಮೇಲ್ಯಾಕೆ ಗೂಬೆ ಕೂರಿಸಿದ್ರಿ?"

ಭಾವ ತುತ್ತನ್ನು ತಟ್ಟೆಗೆ ಹಾಕಿದ. "ಸಿಗರೇಟು ಸೇದೋಕೆ ಒಂದು ಗಳಿಗೆ ದಡಕ್ಕೆ ಹೋಗಿದ್ದೆ ಕಣಮ್ಮ. ಅವನು ಎಲ್ಲೋ ಸಿಕ್ಕಿಹಾಕ್ಕೊಂಡು ಹಗ್ಗ ಜಗ್ಗಿರಬೇಕು."

ಬಡಿಸುತ್ತಿದ್ದ ಅತ್ತೆ ಈಗಲಾದರೂ ದೊಡ್ಡ ಮಗನಿಗೆ ಉಗಿಯುತ್ತಾರೆಂದು ಅವಳು ಅವರ ಕಡೆ ತಿರುಗಿದಳು.

"ನಂಗೆ ಅವತ್ತೇ ಹೇಳಿದ್ದ. ಉಳಿದಿರೋ ಒಬ್ಬನ್ನೂ ಕಳ್ಕೋ ಅಂತೀಯಾ?" ಎಂದರು ಅತ್ತೆ, ಅವನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತ.